ನೀಲಕಂಠಪ್ಪನ ಕೈಗುಣ

ಎಲ್ಲಕ್ಕೂ ಮೂಲ ನೀಲಕಂಠಪ್ಪನ ಬಾಯಿ. ಪರದೇಶದ ಸಮಾಮಿಶ್ ಊರಿನ ಅವನ ಮನೆಯ ಹಿಂದಿನ ಮರದ ಡೆಕ್ ರಿಪೇರಿಗೆ, ಹತ್ತಿರದ ಕಣಿವೆಯ ಊರಾದ ಡುವಾಲ್‌ನಿಂದ ವಾಲ್ಟ್ ಎಂಬ ಮುದುಕ ಬಡಗಿ ಬಂದಿದ್ದ. ಚಹಾ ಕುಡಿಯುತ್ತ, ತೀರಿಹೋದ ಹೆಂಡತಿ ಕಾಪಿಟ್ಟಿದ್ದ ಬೀಜ ಎಷ್ಟು ಹಾಕಿದರೂ ಹುಟ್ಟುತ್ತಿಲ್ಲ ಎಂದು ಕಣ್ಣು ಒದ್ದೆ ಮಾಡಿಕೊಂಡ. ‘ಅಯ್ಯೋ ಪಾಪ’ ಎಂದು ಸುಮ್ಮನಿದ್ದರೆ ಸಾಕಿತ್ತು. ನೀಲಕಂಠಪ್ಪ ಎದೆಯುಬ್ಬಿಸಿ, ತಾನು ಗದಗಿನವನೆಂದೂ, ತನ್ನ ಮನೆಯಲ್ಲಿ ಮೊಳಕೆ ಒಡೆಯದ ಕಾಳೇ ಇಲ್ಲವೆಂದೂ ಇಂಗ್ಲಿಷಿನಲ್ಲಿ ಸಾರಿಬಿಟ್ಟ.

ಮರುದಿನವೇ ವಾಲ್ಟ್ ಒಂದು ಗಾಜಿನ ಭರಣಿ ತಂದು ಕೈಗಿಟ್ಟ. ತಳದಲ್ಲಿ, ತೇವ ಹೀರಲೆಂದು ಬಟ್ಟೆಯಲ್ಲಿ ಕಟ್ಟಿದ ಅಕ್ಕಿ; ಮೇಲೆ ಮೆಣಸಿನ ಕಾಳಿನ ತಮ್ಮಂದಿರಂತಿದ್ದ ಬೂದು ಚುಕ್ಕೆಯ ಬೀಜಗಳು. ಪುಣ್ಯಾತ್ಗಿತ್ತಿ ಅವನ್ನು ಫ್ರಿಜ್ಜಿನ ಕತ್ತಲ ಮೂಲೆಯಲ್ಲಿ ಒಪ್ಪವಾಗಿಯೇ ಇಟ್ಟಿದ್ದಳು. ಫ್ರಿಜ್ ಕೆಟ್ಟ ಮೇಲೆ ಮುದುಕ ಗರಾಜಿಗೆ ಸಾಗಿಸಿ ಮರೆತಿದ್ದ. ಇವು ಯಾವುದರ ಬೀಜ ಎಂದು ಕೇಳಲು ನೀಲಕಂಠಪ್ಪನಿಗೆ ನಾಚಿಕೆ. ಸರ್ವಜ್ಞನಂತೆ ಮಾತಾಡಿದ ಮೇಲೆ ಹೆಸರು ಕೇಳುವುದು ಹೇಗೆ? ಯಾವುದೋ ಹೂವಿನದಿರಬೇಕು ಅಂದುಕೊಂಡ.

ಗಟ್ಟಿ ಸಿಪ್ಪೆಗೆ ಸ್ಯಾಂಡ್‌ಪೇಪರ್ ಹಗುರವಾಗಿ ತಾಕಿಸಿದ. ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿದ. ತೇಲಿದವನ್ನು ಬೆರಳಿನಿಂದ ಒತ್ತಿ ಮುಳುಗಿಸಿದ. ತೆಳು ಬಟ್ಟೆಯಲ್ಲಿ ಕಟ್ಟಿ, ಸದಾ ಬೆಚ್ಚಗಿರುವ ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಬಾಣಂತಿಯಂತೆ ಮಲಗಿಸಿದ. ದಿನವೂ ನೀರು ಚಿಮುಕಿಸಿದ.

ಟಕ್ವಿಲಾದ ವಲಸೆ ಕಚೇರಿಯಲ್ಲಿ ಗಂಡಹೆಂಡಿರ ಗ್ರೀನ್ ಕಾರ್ಡ್ ಇಂಟರ್ವ್ಯೂ ಇದ್ದ ದಿನ ಬೆಳಿಗ್ಗೆ ಗಂಟು ಬಿಚ್ಚಿದರೆ, ಕಾಳುಗಳೆಲ್ಲ ಬಿಳಿ ಬಾಲ ಬಿಟ್ಟಿದ್ದವು!

“ಗೌರಾ, ನೋಡಬಾ ಇಲ್ಲೆ!” ಎಂದು ಕುಣಿದ.

“ಏನ್ರೀ ಇದು? ಮಧ್ಯಾಹ್ನ ಇಂಟರ್ವ್ಯೂ ಅದ, ನೀವು ಕಾಳಿನ ಮುಂದ ಕುಂತೀರಿ,” ಎಂದಳು ಹೆಂಡತಿ ಗೌರಾದೇವಿ, ಕಾಗದಪತ್ರದ ಫೈಲು ಜೋಡಿಸುತ್ತ.

ಅಷ್ಟರಲ್ಲಿ ಪಕ್ಕದ ಮನೆಯ ಬೆಂಗಳೂರಿನ ಕೇಶವ ಶುಭ ಹಾರೈಸಲು ಬಂದ. ವೀಸಾ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ. ತಿಳಿದದ್ದರಲ್ಲಿ ನಿಜವೆಷ್ಟು ಎಂಬುದು ಬೇರೆ ಮಾತು. ಮೊಳಕೆಯನ್ನು ದಿಟ್ಟಿಸಿದ. ಫೋನಿನಲ್ಲಿ ಏನೋ ಹುಡುಕಿ ಚಿತ್ರವನ್ನು ಕಾಳಿನ ಪಕ್ಕ ಹಿಡಿದ. ಅವಳಿಜವಳಿ.

“ಸಾರ್, ಇದು ಗಾಂಜಾ!”

ನೀಲಕಂಠಪ್ಪ ಗಂಟನ್ನು ತನ್ನತ್ತ ಎಳೆದುಕೊಂಡ. “ಗಾಂಜಾ? ಆದ್ರ ಇಲ್ಲೆ ಅಂಗಡ್ಯಾಗ ಮಾರ್ತಾರಲ್ರಿ?”

“ಅದು ಸ್ಟೇಟ್ ಕಾನೂನು. ಗ್ರೀನ್ ಕಾರ್ಡ್ ಕೊಡೋರು ಫೆಡರಲ್, ಅಂದ್ರೆ ನಮ್ ಸೆಂಟ್ರಲ್ ಗೌರ್ಮೆಂಟ್ ಇದ್ದಂಗೆ. ಅವ್ರಿಗೆ ಇದು ಇವತ್ತಿಗೂ ಮಹಾಪಾಪ. ಆಫೀಸರ್ ಕೇಳೇ ಕೇಳ್ತಾರೆ. ಒಂದು ಎಲೆ ಸಿಕ್ರೂ ಸೀದಾ ಬೆಂಗಳೂರು ಫ್ಲೈಟು.”

“ಎಲಿ ಎಲ್ಲದಾವ್ರಿ? ಬರೇ ಬೇರು ಬಂದಾವ.”

“ಬೇರು ಬಂತು ಅಂದ್ರೆ ನೀವು ಬೆಳೆಗಾರ ಸಾರ್!”

ಗೌರಾದೇವಿ ಫೈಲು ಕೆಳಗಿಟ್ಟಳು. “ಸಿಂಕಿನ್ಯಾಗ ಹಾಕಿ, ಕೆಳಗಿನ ಅರಿಯೂ ಮಷೀನ್ ಗರ್ರ್ ಅನಸ್ರಿ. ಮುಗೀತು.”

ನೀಲಕಂಠಪ್ಪ ಗಂಟನ್ನು ಸಿಂಕಿನ ಬಾಯಿಯವರೆಗೆ ಒಯ್ದ. ಮುದುಕನ ಒದ್ದೆ ಕಣ್ಣು ನೆನಪಾಯಿತು. ಕೈ ಬಗ್ಗಲಿಲ್ಲ. “ಹೆಂಗ ಹಾಕಲಿ? ಆಕಿ ಇಟ್ಟಿದ್ದು ಇವಿಷ್ಟ. ಇವು ಹೋದ್ರ ಮತ್ತ ಹುಟ್ಟೂದಿಲ್ಲ. ಮೊದಲ ಡುವಾಲ್‌ಗೆ ಹೋಗಿ ಕೊಟ್ಟು, ಹಂಗ ಟಕ್ವಿಲಾಕ್ಕ ಹೋಗೂಣು.”

ಬಾಗಿಲು ತೆರೆದರೆ ಕೇಶವನ ಹೆಂಡತಿ ವಸಂತಲಕ್ಷ್ಮಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಕಣ್ಣು ಗಂಟಿನ ಮೇಲೆ ಬಿತ್ತು. “ಅಯ್ಯೋ, ಮೊಳಕೆ ಕಾಳು! ಎಷ್ಟು ಚೆನ್ನಾಗ್ ಬಂದಿದೆ! ಕೊಡಿ ಇಲ್ಲಿ, ನೀವ್ ಬರೋಷ್ಟರಲ್ಲಿ ಕೋಸಂಬರಿ ಮಾಡಿಡ್ತೀನಿ.”

“ಬ್ಯಾಡ್ರೀ!” ಗಂಡಹೆಂಡಿರಿಬ್ಬರೂ ಒಂದೇ ಉಸಿರಿಗೆ ಕಿರುಚಿದರು. ಬಟ್ಟಲು ಅಲುಗಾಡಿ ಕುಂಕುಮ ಮೂವರ ಮೇಲೂ ಚೆಲ್ಲಿತು.

ಹೊರಗೆ ಕೊರೆಯುವ ಚಳಿ. ಚಳಿ ತಾಗಿದರೆ ಮೊಳಕೆ ಮುದುಡುತ್ತದೆಂದು ನೀಲಕಂಠಪ್ಪ ಗಂಟನ್ನು ಸ್ವೆಟರಿನೊಳಗೆ ಹೊಟ್ಟೆಗೆ ಅವಚಿಕೊಂಡು, ಫೈಲನ್ನು ಮಗ್ಗುಲಲ್ಲಿಟ್ಟುಕೊಂಡು ಕಾರು ಹೊರಡಿಸಿದ. ಕಾನೂನಿನ ಕಣ್ಣಿಗೆ ಬೀಳಬಾರದೆಂದು ಮದುವೆ ಮೆರವಣಿಗೆಯ ವೇಗದಲ್ಲಿ ಓಡಿಸಿದ. ಕಣಿವೆಯ ರಸ್ತೆಯಲ್ಲಿ ಅವನ ಹಿಂದೆ ಕಾರುಗಳ ಬಾಲ ಬೆಳೆಯಿತು. ಬಾಲದ ತುದಿಯಲ್ಲಿ ಕೆಂಪು ನೀಲಿ ದೀಪ ಮಿನುಗಿತು.

“ಗೌರಾ, ಮುಗೀತು ನಮ್ಮ ಕತಿ,” ಎಂದು ಬದಿಗೆ ನಿಲ್ಲಿಸಿದ.

ಪೊಲೀಸ್ ಅಧಿಕಾರಿ ಕಿಟಕಿಗೆ ಬಾಗಿದ. ಇಷ್ಟು ನಿಧಾನ ಹೋದರೆ ಹಿಂದಿನವರ ಗತಿಯೇನು ಎಂದು ಕೇಳಿದ. ನೀಲಕಂಠಪ್ಪ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ಹಣೆಯ ಮೇಲೆ ಬೆವರು, ಕುಂಕುಮ ಎರಡೂ ಬೆರೆತು ಇಳಿಯುತ್ತಿದ್ದವು. ಅಧಿಕಾರಿಯ ಕಣ್ಣು ಹಣೆಯಿಂದ ಸ್ವೆಟರಿಗೆ, ಸ್ವೆಟರಿನಿಂದ ಪ್ಯಾಂಟಿಗೆ ಇಳಿದು ಅಲ್ಲೇ ನಿಂತಿತು. ಗಂಟಿನ ನೀರು ಸೋರಿ ಪ್ಯಾಂಟಿನ ಮುಂಭಾಗವೆಲ್ಲ ತೊಯ್ದಿತ್ತು.

ಅಧಿಕಾರಿಯ ಮುಖ ಮೃದುವಾಯಿತು. ತಗ್ಗಿದ ದನಿಯಲ್ಲಿ, ಎಲ್ಲರಿಗೂ ಒಮ್ಮೊಮ್ಮೆ ಹೀಗಾಗುತ್ತದೆ, ಮುಂದಿನ ಪೆಟ್ರೋಲ್ ಬಂಕಿನಲ್ಲಿ ಟಾಯ್ಲೆಟ್ ಇದೆ, ಬೇಗ ಹೋಗಿ ಎಂದು ಕೈಬೀಸಿದ. ನೀಲಕಂಠಪ್ಪನಿಗೆ ಜೀವ ಬಂತು, ಮಾನ ಹೋಯಿತು. ಗೌರಾದೇವಿ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಕೇಳುವ ಧೈರ್ಯ ಅವನಿಗಿರಲಿಲ್ಲ.

ಡುವಾಲ್‌ನಲ್ಲಿ ವಾಲ್ಟ್ ತನ್ನ ಗಾಜಿನ ಮನೆಯಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಬೆನ್ನುನೋವಿಗೆಂದು ಗಾಂಜಾ ಬೆಳೆಯಲು ಡಾಕ್ಟರ್ ಬರೆದುಕೊಟ್ಟ ಪರವಾನಗಿ ಗೋಡೆಗೆ ಅಂಟಿಸಿತ್ತು. ಅವನಿಗೆ ಯಾರ ಭಯವೂ ಇರಲಿಲ್ಲ. ನೀಲಕಂಠಪ್ಪ ಅವಸರದಲ್ಲಿ ಕೈಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದು ಗಂಟು ಬಿಚ್ಚಿದ. ಬಿಳಿ ಬಾಲಗಳನ್ನು ಕಂಡು ಮುದುಕ ಹೆಂಡತಿಯ ಹೆಸರು ಕರೆದು ಗಳಗಳನೆ ಅತ್ತ. ನೀಲಕಂಠಪ್ಪನನ್ನು ತಬ್ಬಿ ಬಿಡಲೇ ಇಲ್ಲ.

“ನಿನ್ನ ಕೈಯಲ್ಲಿ ದೇವರಿದ್ದಾನೆ. ಇದನ್ನು ನಾನು ಜಗತ್ತಿಗೇ ಹೇಳುತ್ತೇನೆ.”

“ಯಾರಿಗೂ ಹೇಳಬೇಡ, ದಯವಿಟ್ಟು!” ಎಂದು ನೀಲಕಂಠಪ್ಪ ಕೈಮುಗಿದ.

ಎಂಥ ವಿನಯ ಎಂದುಕೊಂಡ ಮುದುಕ ಇನ್ನೊಮ್ಮೆ ಅತ್ತ.

ಟಕ್ವಿಲಾ ತಲುಪುವಷ್ಟರಲ್ಲಿ ಕಾರಿನ ಹೀಟರಿಗೆ ಪ್ಯಾಂಟು ಒಣಗಿತ್ತು, ಎದೆ ಹಗುರಾಗಿತ್ತು. ಹೆಸರು ಕೂಗಿದರು. ಅಧಿಕಾರಿಣಿ ನಗುನಗುತ್ತ ಪ್ರಮಾಣ ಮಾಡಿಸಿ ಕೂರಿಸಿದಳು. ಮೊದಲು ಮೂಲ ದಾಖಲೆಗಳನ್ನು ನೋಡಿಬಿಡೋಣ, ಆಮೇಲೆ ಪ್ರಶ್ನೆ ಎಂದಳು.

ನೀಲಕಂಠಪ್ಪ ಹೆಂಡತಿಯತ್ತ ಕೈ ಚಾಚಿದ. “ಫೈಲು ಕೊಡು.”

“ನಿಮ್ಮ ಹತ್ರ ಇತ್ತಲ್ರೀ?”

ಫೈಲು ಡುವಾಲ್‌ನಲ್ಲಿ, ಮಣ್ಣಿನ ಕುಂಡಗಳ ನಡುವೆ, ಮೇಜಿನ ಮೇಲಿತ್ತು.

ಅಧಿಕಾರಿಣಿ ಸಮಾಧಾನದಿಂದಲೇ ಹೇಳಿದಳು: ಪಾಸ್‌ಪೋರ್ಟ್ ಇಲ್ಲದೆ, ಮದುವೆ ಪತ್ರ ಇಲ್ಲದೆ ಮುಂದುವರಿಯುವಂತಿಲ್ಲ, ಇನ್ನೊಂದು ದಿನ ಗೊತ್ತುಮಾಡಿ ತಿಳಿಸುತ್ತೇವೆ, ಆಗ ಬನ್ನಿ.

ವಾಪಸು ದಾರಿಯಲ್ಲಿ ಗೌರಾದೇವಿ ಕಿಟಕಿಯ ಕಡೆಗೇ ತಿರುಗಿ ಕೂತಳು. ಹೋಗಲಿ, ಆ ಪೀಡೆಯಾದರೂ ಕಳೆಯಿತು, ಇನ್ನೊಂದು ಇಂಟರ್ವ್ಯೂವರೆಗೆ ಗಿಣಿಮರಿಯಂತೆ ಇದ್ದುಬಿಡೋಣ ಎಂದು ನೀಲಕಂಠಪ್ಪ ತನಗೆ ತಾನೇ ಹೇಳಿಕೊಂಡ.

ಮನೆಯ ತಿರುವಿನಲ್ಲಿ ಬ್ರೇಕು ಒತ್ತಿದ. ರಸ್ತೆಯ ಎರಡೂ ಬದಿಗೆ ಕೆಸರು ಮೆತ್ತಿದ ಪಿಕಪ್ ಟ್ರಕ್ಕುಗಳು. ಅಂಗಳದಲ್ಲಿ ಉದ್ದ ಗಡ್ಡದ ಮುದುಕರು, ಹ್ಯಾಟು ಹಾಕಿದ ಅಜ್ಜಿಯರು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಭರಣಿ, ತಗಡಿನ ಡಬ್ಬಿ, ಔಷಧಿ ಶೀಶೆ. ವಸಂತಲಕ್ಷ್ಮಿ ಮಡಿಚುವ ಕುರ್ಚಿ ಹಾಕಿಸಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು.

ವಾಲ್ಟ್ ಫೈಲು ಎತ್ತಿ ಹಿಡಿದು ಓಡಿ ಬಂದ. “ನೀನು ಇದನ್ನು ಮರೆತು ಹೋಗಿದ್ದೆ! ಕೊಡೋಣ ಅಂತ ಹೊರಟೆ. ನಮ್ಮ ಕಣಿವೆಯ ಬೆಳೆಗಾರರ ಸಂಘದವರಿಗೆ ನಿನ್ನ ಸಂಗತಿ ಹೇಳಿದೆ ನೋಡು, ಎಲ್ಲರೂ ಹೊರಟೇಬಿಟ್ಟರು. ಎಲ್ಲರ ಹತ್ತಿರವೂ ಹುಟ್ಟದ ಹಳೇ ಬೀಜ ಇವೆ!”

ನೀಲಕಂಠಪ್ಪ ಬಾಯಿ ತೆರೆಯುವಷ್ಟರಲ್ಲಿ ಕಣ್ಣಿಗೆ ಫಳ್ ಎಂದು ಬೆಳಕು ಹೊಡೆಯಿತು. ಎದುರಿಗೆ ಕ್ಯಾಮೆರಾ ಹಿಡಿದ ಹುಡುಗಿ. ಕಣಿವೆಯ ಪತ್ರಿಕೆಯವಳಂತೆ, ನಾಳೆ ಮುಖಪುಟಕ್ಕೆ ಹಾಕುತ್ತಾರಂತೆ. ಹೆಸರು ಉದ್ದವಿದೆಯಂತೆ, ತಪ್ಪಾಗಬಾರದಂತೆ.

ಹೆಸರು ಬೇಡ ಎನ್ನುವಂತೆ ನೀಲಕಂಠಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಕೇಶವ ಅವನ ಹೆಗಲ ಮೇಲೆ ಕೈಯಿಟ್ಟು ಮುಂದೆ ಬಂದ.

“ನೀವ್ ಸುಸ್ತಾಗಿದೀರ ಸಾರ್, ನಾನ್ ಹೇಳ್ತೀನಿ,” ಎಂದು ಅವಳ ಕಡೆ ತಿರುಗಿ, ಬಿಡಿಬಿಡಿಯಾಗಿ, ಒಂದಕ್ಷರವೂ ತಪ್ಪದಂತೆ ಶುರುಮಾಡಿದ: “ಎನ್... ಇ... ಇ... ಎಲ್...”