ಗಾಜಪ್ಪನ ಮನೆಗೆ ಹೊಡೆದ್ರೆ ಔಟು

ಎಲ್ಲಾ ಶುರುವಾಗಿದ್ದು ಒಂದು ಗಾಜಿನಿಂದ. ಗಾಜು ಅಂದ್ರೆ ಸುಮ್ನೆ ಗಾಜಲ್ಲ. ನೆಲದಿಂದ ಹೆಚ್ಚೂಕಡಿಮೆ ಸೂರಿನ ತನಕ ಒಂದೇ ತುಂಡು, ಮಧ್ಯೆ ಒಂದು ಗೆರೆ ಇಲ್ಲ, ಒಂದು ಪಟ್ಟಿ ಇಲ್ಲ. ಎಷ್ಟು ಸ್ವಚ್ಛ ಅಂದ್ರೆ, ಬೆಳಿಗ್ಗೆಯಿಂದ ಒಂದು ಗುಬ್ಬಿ, ಒಂದು ಜೀರುಂಡೆ, ಆಮೇಲೆ ಸ್ವತಃ ಗಾಜಪ್ಪನ ಮೂಗು, ಮೂರೂ ಅದಕ್ಕೆ ಢಿಕ್ಕಿ ಹೊಡೆದಾಗಿತ್ತು.

ಗಾಜಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದ್ರೆ ತಳ್ಳೋ ಗಾಡಿ ಮೇಲೆ ಗಾಜು ನಿಲ್ಲಿಸ್ಕೊಂಡು, ಮನೆಮನೆಗೆ ಹೋಗಿ ಕಿಟಕಿಗೆ ಕೂರಿಸೋ ಕೆಲಸ ಹಿಡಿದ ಮೇಲೆ ಆ ಹೆಸರು ಮದುವೆ ಫೋಟೋ ಹಿಂದೆ ಬರೆದಿದ್ದು ಬಿಟ್ರೆ ಇನ್ನೆಲ್ಲೂ ಉಳಿದಿರಲಿಲ್ಲ. ದೊಡ್ಡವರಿಗೆ ಗಾಜಪ್ಪ, ಬೀದಿ ಮಕ್ಕಳಿಗೆ ಗಾಜು ಮಾಮ.

ಹೋದ ವಾರ ಒಬ್ಬ ಬಿಲ್ಡರ್ ಸಿಕ್ಕಿದ್ದ. ಹೊಸ ಬಿಲ್ಡಿಂಗು ಕಟ್ಟಿಸ್ತಿದ್ದಾನೆ, ಕಿಟಕಿಗಳೋ ಜೇನುಗೂಡಿನ ತೂತುಗಳಷ್ಟು. ಗಾಜಪ್ಪ ತನ್ನ ಕೈಚಳಕದ ಬಗ್ಗೆ ಒಂದೇ ಸಮ ಕೊರೆದಿದ್ದಕ್ಕೆ ಅವನು, "ಬಾಯಲ್ಲಿ ಬೇಡಪ್ಪಾ, ಗೋಡೇಲಿ ತೋರಿಸು. ಭಾನುವಾರ ಸಂಜೆ ಬರ್ತೀನಿ. ಹಿಡಿಸಿದ್ರೆ ಅಷ್ಟೂ ಕಿಟಕಿ ನಿಂದೇ" ಅಂದಿದ್ದ. ಅಷ್ಟೂ ಕಿಟಕಿ! ಇನ್ಮೇಲೆ ಬಿಸಿಲಲ್ಲಿ ಗಾಡಿ ತಳ್ಳೋದು ಬೇಡ, ಕಂಡೋರ ಬಚ್ಚಲುಮನೆ ಕಿಂಡಿಗೆ ತಲೆ ತೂರಿಸೋದು ಬೇಡ. ಗಾಜಪ್ಪ ಆ ಹುರುಪಲ್ಲೇ ತನ್ನ ಮನೆ ಮುಂದಿನ ಗೋಡೇನೇ ಒಡೆಸಿ ಶನಿವಾರಾನೇ ಗಾಜು ಕೂರಿಸಿಬಿಟ್ಟ. ಇವತ್ತು ಭಾನುವಾರ, ಸಂಜೆ ತನಕ ಅದು ಹೀಗೇ ನಿಂತಿದ್ರೆ ಸಾಕು.

ಬೀದಿ ಸುಮ್ನಿರುತ್ತಾ? ಎದುರುಮನೆ ರಿಟೈರ್ಡ್ ಮೇಷ್ಟ್ರು ನಾಯಿ ಹಿಡ್ಕೊಂಡು ಬಂದು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದ್ರು.

"ಏನಯ್ಯಾ ಇದು, ಮನೆಯೋ ಮೀನಿನ ತೊಟ್ಟಿಯೋ?"

ಪಕ್ಕದ ಮನೆ ಬಿಸ್ಕತ್ತಜ್ಜಿ ಮಾತ್ರ ಖುಷಿಪಟ್ರು. ಬೀದೀಲಿ ಯಾವ ಮಗು ಕಂಡ್ರೂ ಸೆರಗಿನ ಗಂಟು ಬಿಚ್ಚಿ ಬಿಸ್ಕತ್ತು ಕೊಡೋರು ಅವರು. ಪಾಪ, ಗಾಜಪ್ಪನ ಅತಿ ದೊಡ್ಡ ಗಿರಾಕೀನೂ ಅವರೇ. ಬಾಲು ಅದ್ಹೇಗೋ ಹುಡುಕ್ಕೊಂಡು ಹೋಗಿ ಅವರ ಕಿಟಕಿಗೇ ಬೀಳೋದು. ಕೂರಿಸಿ ಕೂರಿಸಿ ಗಾಜಪ್ಪನಿಗೆ ಆ ಕಿಟಕಿಗಳ ಅಳತೆ ತನ್ನ ಚಪ್ಪಲಿ ಅಳತೆಗಿಂತ ಚೆನ್ನಾಗಿ ಬಾಯಿಪಾಠ ಆಗಿತ್ತು. ಅಜ್ಜಿ ಹಣೆಬರಹ ಅಂದ್ಕೊಂಡಿದ್ದ.

"ಚೆನ್ನಾಗಿದೆ ಕಣಪ್ಪಾ," ಅಂದ್ರು ಅಜ್ಜಿ. "ನಮ್ಮ ಜಗಲಿಯಿಂದ ನಿಮ್ಮನೆ ಪೂರ್ತಿ ಕಾಣುತ್ತೆ. ನಿನ್ನೆ ರಾತ್ರಿ ಬದನೆಕಾಯಿ ಪಲ್ಯ ತಟ್ಟೆ ಕೆಳಗೆ ಮುಚ್ಚಿಟ್ಯಲ್ಲ, ಹಾಗೆಲ್ಲಾ ಮಾಡ್ಬಾರ್ದು."

"ಓಹೋ!" ಅಂತ ಒಳಗಿಂದ ಹೆಂಡತಿ ಧ್ವನಿ ಬಂತು.

ಅಷ್ಟರಲ್ಲಿ ಬೀದಿ ತುದೀಲಿ ಗಲಾಟೆ. ಬ್ಯಾಟು, ಬಾಲು, ವಿಕೆಟ್ಟಿಗೆ ಅಂತ ಯಾರದೋ ಮನೆ ಬಕೆಟ್ಟು. ಮಕ್ಕಳ ದಂಡು ಬಂತು. ಮುಂದೆ ಕ್ಯಾಪ್ಟನ್. ಕ್ಯಾಪ್ಟನ್ ಅಂದ್ರೆ ಬಸ್ ಡ್ರೈವರ್ ಮಗಳು, ಮುಂದಿನ ಹಲ್ಲು ಬಿದ್ದಿದೆ, ಮೊಣಕಾಲಲ್ಲಿ ಚರ್ಮಕ್ಕಿಂತ ಗಾಯ ಜಾಸ್ತಿ. ಆದ್ರೆ ಅವಳು ಒಂದು ಸಲ ಕಣ್ಣು ಬಿಟ್ರೆ ಅವಳಿಗಿಂತ ಉದ್ದದ ಹುಡುಗರೂ ತೆಪ್ಪಗೆ ಫೀಲ್ಡಿಂಗಿಗೆ ಹೋಗಿ ನಿಲ್ತಿದ್ರು.

"ಏಯ್!" ಅಂತ ಗಾಜಪ್ಪ ಕೂಗಿದ. ಈ ಏಯ್ ಬೀದಿಗೇ ಫೇಮಸ್ಸು. ಗಾಡಿ ಮೇಲಿನ ಗಾಜು ಕಾಯೋದಕ್ಕೆ ವರ್ಷಗಟ್ಟಲೆ ಕೂಗಿ ಕೂಗಿ ಹದ ಮಾಡಿದ್ದು. ಕಾಗೆಗಳು ಕೂಡ ತಂತಿ ಬಿಟ್ಟು ಹಾರೋವು. "ಇವತ್ತು ಇಲ್ಲಿ ಆಟ ಇಲ್ಲ! ನಡೀರಿ ಬೇರೆ ಕಡೆ!"

"ಬೇರೆ ಕಡೆ ಅಂದ್ರೆ ಎಲ್ಲಿ ಮಾಮ?" ಅಂದ್ಳು ಕ್ಯಾಪ್ಟನ್. "ಆ ಬೀದೀಲಿ ಕಾರು ನಿಲ್ಲಿಸ್ತಾರೆ, ಅದರಾಚೆ ಬೀದೀಲಿ ಬೈತಾರೆ."

"ಇಲ್ಲೂ ಬೈತೀನಿ! ನನ್ನ ಗಾಜು ನೋಡಿದ್ಯಾ?"

"ಕಾಣಿಸ್ತಾನೇ ಇಲ್ಲ ಮಾಮ, ಅಷ್ಟು ಚೆನ್ನಾಗಿದೆ. ನೀವ್ಯಾಕೆ ಹೆದರ್ತೀರಾ? ನಿಮ್ಮನೆಗೆ ಹೊಡೆದ್ರೆ ಔಟು! ನಮ್ಮ ರೂಲ್ಸೇ ಹಾಗೆ. ಬೇಕು ಅಂತ ಯಾರಾದ್ರೂ ಔಟ್ ಆಗ್ತಾರಾ?"

ಎಂಥಾ ಒಳ್ಳೆ ಮಾತು! ಗಾಜಪ್ಪ ಅಲ್ಲಿಗೇ ಕೈಮುಗಿದು ಒಳಗೆ ಹೋಗಿದ್ರೆ ಈ ಕತೆ ಇಲ್ಲಿಗೇ ಮುಗೀತಿತ್ತು. ಆದ್ರೆ ಅವನಿಗೆ ತಲೇಲಿ ಕಿಟಕಿಗಳದ್ದೇ ಧ್ಯಾನ. ನಂಗೇ ರೂಲ್ಸ್ ಹೇಳ್ತೀಯಾ ಅಂತ ಬಾಲು ಕಿತ್ಕೊಂಡು, ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಬಾಗಿಲೇನೋ ಹಾಕಿದ, ಗಾಜಿನಾಚೆ ಅಷ್ಟೂ ಮಕ್ಕಳು ಸಾಲಾಗಿ ನಿಂತು ಅವನು ಕಾಫಿ ಕುಡಿಯೋದನ್ನೇ ದಿಟ್ಟಿಸ್ತಿದ್ವು. ಅರ್ಧ ಲೋಟ ಹಾಗೇ ಕೆಳಗಿಟ್ಟ.

ಬಾಲಿಲ್ಲದ ಮಕ್ಕಳು ಸುಮ್ನೆ ಕೂರ್ತವಾ? ಕಣ್ಣಾಮುಚ್ಚಾಲೆ ಶುರುವಾಯ್ತು. ಒಬ್ಬ ಮೇಷ್ಟ್ರ ಮಂಚದ ಕೆಳಗೆ ಸೇರ್ಕೊಂಡ, ನಾಯಿ ಅವನನ್ನ ಹುಡುಕಿ ಕೊಟ್ಟು ಮೇಷ್ಟ್ರ ಓದೋ ಕುರ್ಚಿ ಬೀಳಿಸ್ತು. ಇಬ್ಬರು ಗಾಜಪ್ಪನ ಗಾಡಿ ಮೇಲಿನ ಟಾರ್ಪಾಲು ಒಳಗೇ ನುಗ್ಗಿದ್ರು. ಗಾಜಿನ ಹಲಗೆಗಳ ಮಧ್ಯೆ ನಾಲ್ಕು ಕಣ್ಣು ಮಿಣಮಿಣ ಅನ್ನೋದು ಕಂಡು ಗಾಜಪ್ಪ ಓಡಿಬಂದ. ಒಂದೊಂದು ಮಗೂನೂ ಮೊಟ್ಟೆ ಎತ್ತಿದ ಹಾಗೆ ಎತ್ತಿ ಕೆಳಗಿಳಿಸಿದ. ಆಮೇಲೆ ಮಕ್ಕಳು ಮನೆಮನೆ ಬೆಲ್ ಒತ್ತಿ ಓಡೋ ಆಟಕ್ಕೆ ಇಳಿದ್ರು. ವಾರವಿಡೀ ಬಸ್ಸು ಓಡಿಸಿ, ಭಾನುವಾರದ ನಿದ್ದೆಗೆ ಆಗ ತಾನೆ ಜಾರಿದ್ದ ಡ್ರೈವರ್ ಲುಂಗಿ ಕಟ್ಕೊಳ್ತಾ ಆಚೆ ಬಂದ.

"ಗಾಜಪ್ಪಣ್ಣಾ, ಮಕ್ಕಳ ಬಾಲ್ ಕಿತ್ಕೊಂಡೋರು ನೀವಂತೆ?"

"ಅದೂ... ನನ್ನ ಗಾಜು..."

"ನಾನು ವಾರವೆಲ್ಲಾ ಹಾರ್ನ್ ಕೇಳ್ತೀನಿ ಕಣ್ರೀ! ಇರೋದೊಂದು ದಿನ! ಬಾಲು ಕೊಡಿ, ಇಲ್ಲಾ ಅಂದ್ರೆ ಇವರೆಲ್ಲರನ್ನೂ ನೀವೇ ಸಾಕ್ಕೊಳ್ಳಿ!"

"ಕೊಡಯ್ಯಾ ಕೊಡು," ಅಂತ ಮೇಷ್ಟ್ರೂ ಬಂದ್ರು. "ಹೊರಗೆ ಆಡ್ತಿದ್ರೆ ನಾನು ಬೈಕೊಂಡಾದ್ರೂ ಇರ್ತೀನಿ. ಮಂಚದ ಕೆಳಗಿದ್ರೆ ಹೇಗಯ್ಯಾ ಬೈಯೋದು?"

ಇನ್ಯಾರೋ ಹಿಂದಿನಿಂದ, "ಅಜ್ಜಿ ಮನೆ ಗಾಜು ಒಡೆದಾಗ ಕುಣ್ಕೊಂಡು ಹೋಗಿ ಹಾಕ್ತಾನೆ. ಈಗ ತನ್ನ ಗಾಜು ಅಂದ್ರೆ ಮಾತ್ರ ಹೊಟ್ಟೆ ಉರಿಯುತ್ತೆ ನೋಡು" ಅಂದ್ರು. ಎಲ್ಲರೂ ಹೌದೌದು ಅಂದ್ರು. ಗಾಜಪ್ಪನ ಮುಖ ಪುಟಾಣಿ ಆಯ್ತು.

ಬಾಲು ತರೋಣ ಅಂತ ಒಳಗೆ ಹೋದ್ರೆ ಬಾಲಿಲ್ಲ. ಹಿತ್ತಲ ಬಾಗಿಲು ತೆರೆದಿದೆ. ಮೇಷ್ಟ್ರ ನಾಯಿ ಅಲ್ಲಿ ನೆರಳಲ್ಲಿ ಮಲಗಿ, ಕಣ್ಣು ಮುಚ್ಕೊಂಡು ಅಗೀತಾ ಇದೆ. ಬಾಯಿಂದ ಬಿಡಿಸಿದ್ರೆ ಬಂದಿದ್ದು ಬಾಲಲ್ಲ, ಬಾಲಿನ ನೆನಪು.

ಹೆಂಡತಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಲು. "ರೀ, ನಿಮಗೆ ಬದನೆಕಾಯಿ ಮುಚ್ಚಿಡೋ ಬುದ್ಧಿ ಬಿಟ್ರೆ ಬೇರೆ ಬುದ್ಧೀನೇ ಇಲ್ವಾ? ಮಕ್ಕಳನ್ನ ಬೈದು ಗೆದ್ದೋರುಂಟಾ? ಹೊಸ ಬಾಲು ತಂದ್ಕೊಡಿ, ಐಸ್‌ಕ್ರೀಮ್ ಕೊಡಿಸಿ, ಒಂದೆರಡು ಒಳ್ಳೆ ಮಾತಾಡಿ. ಅವೇ ನಿಮ್ಮ ಗಾಜನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತವೆ."

ಗಾಜಪ್ಪನಿಗೆ ಇದು ಹಿಡಿಸ್ತು. ಅಂಗಡಿಗೆ ಓಡಿದ. ರಬ್ಬರ್ ಬಾಲು ಖಾಲಿ.

"ಇದೊಂದೇ ಇರೋದು," ಅಂತ ಅಂಗಡಿಯವನು ಒಂದು ಕೆಂಪು ಬಾಲು ಇಟ್ಟ. ಟಪ್ ಅಂತ ಸದ್ದಾಯ್ತು. ಕಲ್ಲಿಗೆ ಬಣ್ಣ ಬಳಿದ ಹಾಗಿತ್ತು. ಗಾಜಪ್ಪ ಅದನ್ನ ಮೆಲ್ಲಗೆ ಹಿಂದಕ್ಕೆ ತಳ್ಳಿದ. ಆದ್ರೆ ಹಿಂದೆ ತಿರುಗಿ ನೋಡಿದ್ರೆ ಇಡೀ ತಂಡ ಅಂಗಡಿ ಬಾಗಿಲಲ್ಲಿ. ಬಾಲು ಕಂಡು ಅವುಗಳ ಕಣ್ಣು ತಟ್ಟೆ ತಟ್ಟೆ ಆಗಿತ್ತು.

"ನಿಜವಾದ ಬಾಲು!" ಅಂತ ಕ್ಯಾಪ್ಟನ್ ಪಿಸುಗುಟ್ಟಿದ್ಳು. "ಮಾಮ, ನಮಗಾ?"

"ನಿಮಗೇ ಪುಟ್ಟಿ," ಅಂದ ಗಾಜಪ್ಪ. ಪುಟ್ಟಿ ಅನ್ನೋ ಮಾತು ಅವನ ಬಾಯಲ್ಲಿ ಹೊಸ ಚಪ್ಪಲಿ ಥರ ಸ್ವಲ್ಪ ಕಚ್ತು. "ಎಲ್ಲರಿಗೂ ಐಸ್‌ಕ್ರೀಮೂ ಕೊಡಿಸ್ತೀನಿ. ಆದ್ರೆ ನನ್ನ ಗಾಜು..."

"ಒಂದ್ನಿಮಿಷ ಮಾಮ."

ಐಸ್‌ಕ್ರೀಮ್ ನೆಕ್ಕೊಂಡೇ ಮಕ್ಕಳು ದುಂಡಗೆ ನಿಂತು, ತಲೆಗೆ ತಲೆ ಸೇರಿಸಿ ಗುಸುಗುಸು ಮಾತಾಡಿದ್ವು. ಕ್ಯಾಪ್ಟನ್ ವಾಪಸ್ ಬಂದ್ಳು. ಮೂಗಿನ ತುದೀಲಿ ಐಸ್‌ಕ್ರೀಮು, ಮುಖದಲ್ಲಿ ಮಂತ್ರಿಗಳ ಗಾಂಭೀರ್ಯ.

"ಎಲ್ಲಾ ಸೇರಿ ತೀರ್ಮಾನ ಮಾಡಿದ್ವಿ ಮಾಮ. ನೀವಿಷ್ಟು ಒಳ್ಳೇವ್ರು ಅಂತ ಗೊತ್ತೇ ಇರ್ಲಿಲ್ಲ. ಇವತ್ತಿಂದ ನಿಮ್ಮನೆಗೆ ಸ್ಪೆಷಲ್ ಮರ್ಯಾದೆ. ಮತ್ತೆ ನೀವೇ ಅಂಪೈರು!"

ಗಾಜಪ್ಪ ಅವಳ ಮೂಗಿನ ಐಸ್‌ಕ್ರೀಮು ಒರೆಸಿದ. ಇಷ್ಟು ವರ್ಷ ಇಂಥ ಮಕ್ಕಳಿಗೆ ಏಯ್ ಅಂದ್ನಲ್ಲ!

ಆಟ ಶುರುವಾಯ್ತು. ಯಾರದೋ ಟೋಪಿ ಗಾಜಪ್ಪನ ತಲೆ ಮೇಲೆ ಕೂತ್ಕೊಂತು. ಬಿಸಿಲಿಳಿಯೋ ಹೊತ್ತಿಗೆ ಗಾಜಪ್ಪನಿಗೆ ಅಂಪೈರ್ ಗತ್ತು ಬಂದೇಬಿಟ್ಟಿತ್ತು. ಒಂದೇ ಒಂದು ವಿಷಯ ಅವನಿಗೆ ವಿಶೇಷ ಅನ್ನಿಸ್ತು. ಮೊದಲೆಲ್ಲಾ ಬೀದಿ ತುಂಬಾ ಚೆಲ್ಲಾಪಿಲ್ಲಿ ನಿಲ್ತಿದ್ದ ಹುಡುಗರು ಇವತ್ತು ಅವನ ಮನೆ ಮುಂದೇನೇ ಗುಂಪಾಗಿ ನಿಂತಿದ್ರು. ಬಾಲು ಆ ಕಡೆ ಬಂದ್ರೆ ಸಾಕು, ಹಾರಿ, ಬಿದ್ದು, ಹೊಟ್ಟೆ ಕೊಟ್ಟು ತಡೀತಿದ್ರು. ಬಾಲೂ ಆ ಕಡೆಗೇ ಜಾಸ್ತಿ ಬರ್ತಿತ್ತು.

"ನೋಡಿದ್ಯೇನೇ?" ಅಂತ ಹೆಂಡತಿ ಕಡೆ ತಿರುಗಿದ. "ಪ್ರಾಣ ಕೊಟ್ಟು ಕಾವಲು ಕಾಯ್ತಿವೆ!"

"ನಾನೇ ಹೇಳ್ಳಿಲ್ವಾ," ಅಂದ್ಳು ಅವಳು.

ಸಂಜೆ ಬಿಲ್ಡರ್ ಕಾರು ಬಂತು. ಗಾಜಪ್ಪ ಅಂಪೈರ್ ಟೋಪೀಲೇ ಓಡಿದ. ಬಿಲ್ಡರ್ ಗಾಜಿನ ಮುಂದೆ ನಿಂತ, ಬಗ್ಗಿ ನೋಡಿದ, ಬೆರಳಲ್ಲಿ ತಟ್ಟಿದ, ಮೂಗು ತಾಗಿಸಿದ. ಅದರಲ್ಲಿ ತನ್ನ ಕ್ರಾಪು ಸರಿಮಾಡ್ಕೊಂಡ.

"ಭೇಷ್! ಕೈ ಚೆನ್ನಾಗಿದೆ ಕಣಯ್ಯಾ. ಇಷ್ಟು ನುಣ್ಣಗೆ ಕೂರಿಸೋರು ಸಿಗಲ್ಲ. ಮಕ್ಕಳು ಎದುರಿಗೇ ಆಡ್ತಿದ್ದಾರೆ, ಭಯ ಆಗಲ್ವಾ?"

"ನಮ್ಮ ಮಕ್ಕಳು ಸಾರ್!" ಅಂದ ಗಾಜಪ್ಪ ಎದೆ ಉಬ್ಬಿಸಿ. "ನಮ್ಮನೆಗೆ ಹೊಡೆದ್ರೆ ಔಟು. ರೂಲ್ಸೇ ಇದೆ."

"ಅಂಪೈರ್ ಮಾಮಾ, ಬನ್ನಿ! ಲಾಸ್ಟ್ ಬಾಲು!" ಅಂತ ಕೂಗು ಬಂತು.

ಬಿಲ್ಡರ್ ನಗ್ತಾ ಪಕ್ಕಕ್ಕೆ ಸರಿದು, ಆರ್ಡರಿನ ಮಾತಾಡೋಕೆ ಅಂತ ಡೈರಿ ತೆಗೀತಿದ್ದ. ಬ್ಯಾಟಿಂಗಲ್ಲಿ ಕ್ಯಾಪ್ಟನ್. ಗೆಲ್ಲೋಕೆ ಆರು ರನ್ನು ಬೇಕು. ಕ್ಯಾಪ್ಟನ್ ಒಂದು ಸಲ ಗಾಜಿನ ಕಡೆ ನೋಡಿದ್ಳು. ಗಾಜಪ್ಪ ಪ್ರೀತಿಯಿಂದ ತಲೆ ಆಡಿಸಿದ.

ಬಾಲು ಬಂತು. ಬ್ಯಾಟು ಬೀಸ್ತು. ಕೆಂಪು ಬಾಲು ಹುಡುಗರ ತಲೆ ಮೇಲೆ, ಎತ್ತಿದ ಕೈಗಳ ಮೇಲೆ ಹಾರ್ಕೊಂಡು, ನೆಂಟರ ಮನೆಗೆ ಹೋಗೋ ಹಾಗೆ ನೆಟ್ಟಗೆ ಹೋಯ್ತು.

ಛಳಾರ್!

ಇಡೀ ಗಾಜು ಒಂದು ಕ್ಷಣ ಯೋಚನೆ ಮಾಡ್ತು. ಆಮೇಲೆ ಜಲಪಾತದ ಥರ ಸುರೀತು.

"ಸಿಕ್ಸ್!" ಅಂತ ಮಕ್ಕಳು ಕುಣಿದು ಕುಪ್ಪಳಿಸಿದ್ವು. ಕ್ಯಾಪ್ಟನ್‌ನ ಹೆಗಲ ಮೇಲೆ ಎತ್ಕೊಂಡ್ರು.

"ಸಿಕ್ಸಾ?" ಗಾಜಪ್ಪ ಚೂರುಗಳ ಕಡೆ ಕೈ ತೋರಿಸಿದ. "ಔಟಲ್ವೇನ್ರೋ! ನಮ್ಮನೆಗೆ ಹೊಡೆದ್ರೆ ಔಟು ಅಂದ್ರಲ್ರೋ!"

"ಅದು ಬೆಳಿಗ್ಗೆ ಮಾಮ," ಅಂದ್ಳು ಕ್ಯಾಪ್ಟನ್, ಹೆಗಲ ಮೇಲಿಂದ್ಲೇ, ಏನೂ ತಿಳಿಯದ ಮಗುಗೆ ಪಾಠ ಹೇಳೋ ಥರ. "ಬೈಯೋರ ಮನೆಗೆ ಹೊಡೆದ್ರೆ ಔಟು. ಯಾಕಂದ್ರೆ ಅವರು ಬಾಲ್ ಕೊಡಲ್ಲ, ಆಟ ನಿಂತೋಗುತ್ತೆ. ಒಳ್ಳೇವ್ರ ಮನೆಗೆ ಹೊಡೆದ್ರೆ ಸಿಕ್ಸು! ಇಷ್ಟು ದಿನ ಅಜ್ಜಿ ಮನೆ ಒಂದೇ ಇತ್ತು. ಇವತ್ತು ನಿಮ್ಮನೇನೂ ಸೇರಿಸಿದ್ವಲ್ಲ, ಸ್ಪೆಷಲ್ ಮರ್ಯಾದೆ ಅಂತ ಹೇಳ್ಳಿಲ್ವಾ? ಹುಡುಗರು ಕ್ಯಾಚ್ ಹಿಡಿಯೋಕೆ ಮಧ್ಯಾಹ್ನದಿಂದ ಅಲ್ಲೇ ನಿಂತಿದ್ರು, ಪಾಪ."

ಗಾಜಪ್ಪ ಬಿಸ್ಕತ್ತಜ್ಜಿ ಮನೆ ಕಡೆ ನೋಡಿದ. ತಾನೇ ಮತ್ತೆ ಮತ್ತೆ ಗಾಜು ಕೂರಿಸಿದ ಕಿಟಕಿಗಳು. ಎದುರಿಗೆ ಮೇಷ್ಟ್ರ ಮನೆ ಕಡೆ ನೋಡಿದ. ಕಟ್ಟಿದಾಗಿನ ಗಾಜು, ಒಂದು ಗೀರಿಲ್ಲ.

ಮೇಷ್ಟ್ರು ಗೇಟಿಗೆ ಒರಗಿ ತಣ್ಣಗೆ ಹೇಳಿದ್ರು: "ಮತ್ತೆ ನಾನು ದಿನಾ ಬೆಳಿಗ್ಗೆ ಎದ್ದು ಬಾಯಿ ನೋಯಿಸ್ಕೊಳ್ಳೋದು ಯಾಕೆ ಅಂದ್ಕೊಂಡಿದ್ದೆ?"

ಬಿಲ್ಡರ್ ಡೈರಿ ಮುಚ್ಚಿ ಜೇಬಿಗಿಟ್ಟ. "ಗಾಜು ಚೆನ್ನಾಗಿತ್ತು ಕಣಯ್ಯಾ. ಆದ್ರೆ ನಮ್ಮ ಬಿಲ್ಡಿಂಗ್ ಮುಂದೇನೇ ಮಕ್ಕಳಿಗೆ ಆಟದ ಮೈದಾನ ಮಾಡಿಸ್ತಿದ್ದೀನಿ. ಮರದ ಕಿಟಕೀನೇ ಹಾಕಿಸ್ತೀನಿ." ಅಂದವನೇ ಗಾಜಿನ ಚೂರು ದಾಟ್ಕೊಂಡು ಕಾರು ಹತ್ತಿದ.

ಬಿಸ್ಕತ್ತಜ್ಜಿ ಮೆಲ್ಲಗೆ ಬಂದು, ಸೆರಗಿನ ಗಂಟು ಬಿಚ್ಚಿ ಗಾಜಪ್ಪನ ಕೈಗೆ ಒಂದು ಬಿಸ್ಕತ್ತಿಟ್ರು. "ಅಭ್ಯಾಸ ಆಗುತ್ತೆ ಮಗಾ," ಅಂದ್ರು.

ಗಾಜಪ್ಪ ಹಳೇ ಏಯ್ ಹೊರಗೆ ತೆಗೀಬೇಕು ಅಂತ ಉಸಿರೆಳೆದ. ಅಷ್ಟರಲ್ಲಿ ಕ್ಯಾಪ್ಟನ್ನಿನ ಹಲ್ಲಿಲ್ಲದ ನಗು ಅವನ ಮುಂದೇನೇ ಬಂದು ನಿಂತು ಅಂಗಿ ಜಗ್ಗಿತು.

"ಅಂಪೈರ್ ಮಾಮಾ, ಆ ಟೀಮಿನೋರು ಒಪ್ತಿಲ್ಲ. ನೀವು ಸಿಗ್ನಲ್ ಕೊಟ್ರೇನೇ ಲೆಕ್ಕವಂತೆ. ಬೇಗ ಕೊಡಿ ಮಾಮ!"

ಇಡೀ ಬೀದಿ ಅವನನ್ನೇ ನೋಡ್ತಿತ್ತು. ರೂಲ್ಸ್ ಅಂದ್ರೆ ರೂಲ್ಸು. ಗಾಜಪ್ಪ, ಒಂದು ಕೈಲಿ ಬಿಸ್ಕತ್ತು ಹಿಡ್ಕೊಂಡೇ, ಎರಡೂ ಕೈ ನಿಧಾನಕ್ಕೆ ತಲೆ ಮೇಲೆತ್ತಿದ.

ಬೀದಿ ತಿರುವಲ್ಲಿ ಕಾರಿನ ಕನ್ನಡೀಲಿ ಅದನ್ನ ನೋಡಿದ ಬಿಲ್ಡರ್, ಪಾಪ, ಎಷ್ಟು ಒಳ್ಳೇವ್ನು, ಟಾಟಾ ಬೇರೆ ಮಾಡ್ತಿದ್ದಾನೆ ಅಂದ್ಕೊಂಡು ತಾನೂ ಕೈ ಬೀಸಿದ.