ದೇವರ ಪೀರಿಯಡ್ಡಿನ ಹಿಂದಿನ ಟೇಬಲ್ಲು

ಐರ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ದೇವರಿಲ್ಲ ಎನ್ನುವವರು ಇಷ್ಟೊಂದು ಮಂದಿ ನನಗೆ ಮೈಸೂರಿನಲ್ಲೂ ಸಿಕ್ಕಿರಲಿಲ್ಲ, ಬೆಂಗಳೂರಿನಲ್ಲೂ ಸಿಕ್ಕಿರಲಿಲ್ಲ. ನಾನೂ ಅದೇ ಪಂಗಡದವನು. ಸದ್ಯ, ನಮ್ಮವರ ಊರಿಗೆ ಬಂದೆ ಅಂದುಕೊಂಡೆ. ಆಮೇಲೆ ಶುರುವಾಯಿತು ನೋಡಿ ಇವರ ತಮಾಷೆ, ತಿಂಗಳಿಗೊಂದರಂತೆ. ಇವತ್ತಿಗೂ ನಿಂತಿಲ್ಲ. ಬರೆಯುವಾಗ ನಗು ಬರುತ್ತದೆ, ನಡೆಯುವಾಗ ಮೈಯೆಲ್ಲ ಉರಿಯುತ್ತದೆ.

ಅಜ್ಜಿಗೋಸ್ಕರ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಇಲ್ಲೇ ಹುಟ್ಟಿ ಬೆಳೆದವನು. ಊಟದ ಹೊತ್ತಿನಲ್ಲಿ ಚರ್ಚನ್ನು ಬೈಯಲು ಕೂತರೆ ಅವನ ಸ್ಯಾಂಡ್‌ವಿಚ್ಚು ಒಣಗಿಹೋಗುತ್ತದೆ. ಪಾದ್ರಿಗಳು ಈ ದೇಶದ ಮಕ್ಕಳಿಗೆ ಮಾಡಿದ ದೌರ್ಜನ್ಯವನ್ನು ಸಾಯೋವರೆಗೂ ಕ್ಷಮಿಸಲ್ಲ ಅನ್ನುತ್ತಾನೆ. ಅವನ ಸಿಟ್ಟಿಗೆ ಕಾರಣವಿದೆ, ನಾನೂ ತಲೆಯಾಡಿಸುತ್ತೇನೆ. ಒಂದು ಶುಕ್ರವಾರ ಹೀಗೇ ಬೈದು ಮುಗಿಸಿ ಬ್ಯಾಗು ಹೆಗಲಿಗೇರಿಸಿದ.

"ಎಲ್ಲಿಗೆ?" ಅಂದೆ.

"ಚರ್ಚಿಗೆ. ಮಗಳ ಜ್ಞಾನಸ್ನಾನಕ್ಕೆ ದಿನ ಗೊತ್ತು ಮಾಡ್ಬೇಕು."

"ನೀನು ನಂಬಲ್ವಲ್ಲ ಮಾರಾಯ?"

"ನಾನು ನಂಬಲ್ಲ. ಅಮ್ಮ ಬೇಜಾರು ಮಾಡ್ಕೊತಾಳೆ."

"ಅಮ್ಮ ನಂಬ್ತಾರಾ?"

"ಅವಳು ನನಗಿಂತ ಜಾಸ್ತಿ ಬೈತಾಳೆ. ಅಜ್ಜಿಗೆ ಬೇಜಾರಾಗುತ್ತೆ ಅಂತ ಅವಳಿಗೆ ಭಯ."

"ಅಜ್ಜಿ ಎಲ್ಲಿರೋದು?"

"ತೀರ್ಕೊಂಡು ಆರು ವರ್ಷ ಆಯ್ತು," ಅಂದು ಲಿಫ್ಟು ಹತ್ತಿದ.

ಬಣ್ಣ ಹಚ್ಚುವ ಕೆಲಸ

ನಾವಿರುವುದು ರಾಜಧಾನಿಯ ಅಂಚಿನಲ್ಲಿ, ಲೂಕನ್ ಪಕ್ಕದ ಆಡಮ್ಸ್‌ಟೌನಿನಲ್ಲಿ. ಮಗಳಿಗೆ ಸೀಟು ಸಿಕ್ಕಿದ್ದು ಚರ್ಚಿನ ಸ್ಕೂಲಿನಲ್ಲಿ. ಇಲ್ಲಿನ ಬಹುಪಾಲು ಸ್ಕೂಲುಗಳು ಹಾಗೇ. ಟೀಚರಿಗೆ ಸಂಬಳ ಸರ್ಕಾರದ್ದು, ಯಜಮಾನಿಕೆ ಬಿಷಪ್ಪರದ್ದು. ಧರ್ಮದ ಪಾಠ ಬೇಡ ಎಂದು ನಾನು ಬರೆದುಕೊಟ್ಟೆ. ಪ್ರಿನ್ಸಿಪಾಲರು ನಗುನಗುತ್ತಾ ಸಹಿ ತಗೊಂಡರು.

"ಗ್ರ್ಯಾಂಡ್, ಆಗ್ಲಿ ಬಿಡಿ. ಆ ಪೀರಿಯಡ್ಡಲ್ಲಿ ಹಿಂದಿನ ಟೇಬಲ್ಲಲ್ಲಿ ಕೂತು ಬಣ್ಣ ಹಚ್ತಾಳೆ."

"ಅದೇ ಕ್ಲಾಸಲ್ಲೇ? ಮತ್ತೆ ಪಾಠ ಕಿವಿಗೆ ಬೀಳುತ್ತಲ್ಲ?"

"ಕೇಳು ಅಂತ ನಾವು ಬಲವಂತ ಮಾಡಲ್ಲ."

ಮೊದಲ ವಾರವೇ ಮಗಳು ಬಣ್ಣ ಹಚ್ಚಿದ ಹಾಳೆ ತಂದಳು. ನೋಡಿದರೆ ಕುರಿಮರಿ ಹೊತ್ತು ನಿಂತ ಏಸು. ಟೀಚರನ್ನು ಕೇಳಿದೆ. ಪಾಪ, ಅವರ ಹತ್ತಿರ ಇದ್ದ ಪ್ರಿಂಟುಗಳೆಲ್ಲ ಅವೇ ಅಂತೆ. ಏಸುವಿಗೆ ತಲೆಯಿಂದ ಕಾಲಿನವರೆಗೆ ನೀಲಿ ಬಳಿದಿದ್ದಳು.

"ಯಾಕೆ ಪುಟ್ಟಿ ನೀಲಿ?"

ಅವಳು ಎಂದಿನಂತೆ ಇಂಗ್ಲಿಷಿನಲ್ಲೇ, ಅದೂ ಇಲ್ಲಿನ ರಾಗದಲ್ಲಿ, ಮೈಸೂರಿನ ಅಜ್ಜಿಮನೆಯ ಗೋಡೆ ಮೇಲೆ ದೇವರೆಲ್ಲ ನೀಲಿ ಇರುತ್ತಾರಲ್ಲ ಎಂದಳು. ಹಾಳೆಯ ಕೆಳಗೆ ಟೀಚರು ವೆರಿ ಗುಡ್ ಅಂತ ಬರೆದು ಸ್ಟಿಕ್ಕರು ಬೇರೆ ಅಂಟಿಸಿದ್ದರು. ಧರ್ಮದ ಪಾಠವೇ ಬೇಡ ಎಂದು ಬರೆದುಕೊಟ್ಟ ನನ್ನ ಮಗಳಿಗೆ ಅದರಲ್ಲೇ ಫಸ್ಟ್ ಕ್ಲಾಸು.

ಗೇಟಿನ ಹೊರಗಿನ ಕ್ರಾಂತಿ

ಎರಡನೇ ತರಗತಿ ಬಂದಾಗ ನಗು ನಿಂತಿತು. ಆ ವರ್ಷ ಇಡೀ ಕ್ಲಾಸಿಗೆ ಮೊದಲ ಪರಮಪ್ರಸಾದ. ಮಕ್ಕಳು ಬಿಳಿ ಫ್ರಾಕು, ಕೋಟು ಹಾಕಿಕೊಂಡು ಚರ್ಚಿನಲ್ಲಿ ರೊಟ್ಟಿ ತಗೊಳ್ಳುವ ಹಬ್ಬ. ತಯಾರಿಯೆಲ್ಲ ಸ್ಕೂಲಿನ ಸಮಯದಲ್ಲೇ. ಅರ್ಧ ಗಂಟೆ ಇದ್ದದ್ದು ಒಂದು ಗಂಟೆಯಾಯಿತು, ಹಾಡು ಸೇರಿತು. ಮಗಳು ಹಿಂದೆ ಒಬ್ಬಳೇ. ಒಂದು ದಿನ ಊಟ ಮಾಡುತ್ತಾ, "ಡ್ಯಾಡ್, ನಂಜೊತೆ ಯಾರಾದ್ರೂ ಕೂರಬಹುದಾ?" ಎಂದಳು. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

"ರೀ, ನಿಮ್ಮ ವಾದಕ್ಕೆ ಮಗು ಯಾಕೆ ಒಂಟಿ ಕೂರ್ಬೇಕು?" ಎಂದಳು ಹೆಂಡತಿ. ನನ್ನ ಮೇಲೇ ಸಿಟ್ಟು ಬಂತು.

ಪ್ರಿನ್ಸಿಪಾಲರು ಒಂದು ದಾರಿ ಹೇಳಿದರು. ಇನ್ನೊಂದು ಮಗು ಪಾಠ ಬಿಟ್ಟರೆ ಇಬ್ಬರನ್ನೂ ಲೈಬ್ರರಿಗೆ ಕಳಿಸಬಹುದು, ಒಬ್ಬಳಿಗಾಗಿ ಅಲ್ಲಿ ಟೀಚರನ್ನು ಕೂರಿಸೋಕೆ ಆಗಲ್ಲ. ಒಂದೇ ಒಂದು ಮಗು! ಸ್ಕೂಲಿನ ಗೇಟಿನ ಹತ್ತಿರ ನಿಲ್ಲುವ ಅಪ್ಪ ಅಮ್ಮಂದಿರಲ್ಲಿ ದೇವರನ್ನು ನಂಬುವವರನ್ನು ನಾನು ಕಂಡೇ ಇರಲಿಲ್ಲ. ಧರ್ಮದ ಪಾಠ ಬೇಡ ಅನ್ನುವ ಫಾರಂ ಹಿಡಿದು ಹೊರಟೆ.

ಮೊದಲನೆಯವರು, "ಈ ಕಾಲದಲ್ಲೂ ಹೀಗಾ? ನಾಚಿಕೆಗೇಡು," ಎಂದರು. ಮಗಳ ಬಿಳಿ ಫ್ರಾಕು ಮಾತ್ರ ಆಗಲೇ ತಗೊಂಡಾಗಿತ್ತು. ಎರಡನೆಯವರು ಇದರ ಬಗ್ಗೆ ಪತ್ರಿಕೆಗೆ ಬರಿ, ನಾನು ನಿನ್ನ ಬೆನ್ನಿಗಿದ್ದೀನಿ ಎಂದರು. ಹಬ್ಬದ ದಿನಕ್ಕೆ ಅವರ ಹಿತ್ತಲಿಗೆ ಮಕ್ಕಳು ಕುಣಿಯೋ ಗಾಳಿ ತುಂಬಿದ ಬೌನ್ಸಿ ಕ್ಯಾಸಲ್ ಆಗಲೇ ಬುಕ್ ಆಗಿತ್ತು. ಮೂರನೆಯವನು ನಮ್ಮ ಪಕ್ಕದ ಮನೆಯವನು. ಏಸು ಹುಟ್ಟೇ ಇಲ್ಲ ಎಂದು ಇಡೀ ಬೀದಿಗೆ ಗಂಟೆಗಟ್ಟಲೆ ವಿವರಿಸುವವನು. ಫಾರಂ ಓದಿ, ಮಡಚಿ, ನನ್ನ ಜೇಬಿಗೇ ಹಾಕಿದ.

"ಸಹಿ ಹಾಕ್ತಿದ್ದೆ ಕಣಯ್ಯ. ಆದ್ರೆ ಇದು ಧರ್ಮದ ವಿಷಯ, ಹಗುರವಾಗಿ ತಗೊಳ್ಳೋಕಾಗಲ್ಲ."

ಎತ್ತಿದ ಕೈ

ಆಮೇಲೆ ಸ್ಕೂಲಿನ ಹಾಲಿನಲ್ಲಿ ಎರಡನೇ ತರಗತಿಯ ಪೋಷಕರ ಸಭೆ. ಜಗಳ ಮಾಡಿಯೇ ಬರುತ್ತೇನೆ ಎಂದು ಹೋದೆ. ವಯಸ್ಸಾದ ಪಾದ್ರಿಯೊಬ್ಬರು ಎದ್ದು ನಿಂತರು. ನನ್ನ ಭಾಷಣ ಶುರುವಾಗುವ ಮೊದಲೇ ಅವರೇ ಹೇಳಿದರು: "ನಂಬಿಕೆ ಇಲ್ಲದವರು ಕೈ ಎತ್ತಿ. ನಾನೇನೂ ಅಂದ್ಕೊಳ್ಳಲ್ಲ. ಆ ಮಕ್ಕಳು ಆರಾಮಾಗಿ ಲೈಬ್ರರಿಗೆ ಹೋಗಲಿ."

ನಾನು ಕೈ ಎತ್ತಿದೆ. ಮಿಕ್ಕವರೆಲ್ಲ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಗೇಟಿನ ವೀರರಲ್ಲಿ ಒಬ್ಬರ ಕೈಯೂ ಮೇಲೇಳಲಿಲ್ಲ. ಇಷ್ಟು ಹೇಡಿಗಳನ್ನು ಒಂದೇ ಕಡೆ ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವನ ಕೈ ಮೆಲ್ಲಗೆ ಮೇಲೆದ್ದಿತು. ನನಗೆ ಕಣ್ಣಲ್ಲಿ ನೀರೇ ಬಂತು, ಪುಟ್ಟಿಗೆ ಜೊತೆ ಸಿಕ್ಕಿತು ಎಂದು.

"ನೀವೂನಾ?" ಎಂದರು ಪಾದ್ರಿ.

"ಇಲ್ಲ ಫಾದರ್. ಹಬ್ಬದ ದಿನ ಕಾರು ಎಲ್ಲಿ ನಿಲ್ಲಿಸೋದು?"

ಸಭೆ ಮುಗಿದ ಮೇಲೆ ಆ ಪಾದ್ರಿಯೇ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಪ್ರತಿ ವರ್ಷ ಕೇಳ್ತೀನಿ. ಕೈ ಎತ್ತಿದವರು ನೀವೇ ಮೊದಲು. ಹಬ್ಬ ಮುಗಿದ ಮೇಲೆ ಇವರು ಚರ್ಚಿಗೆ ಬರೋದು ಯಾರಾದ್ರೂ ಸತ್ತಾಗಲೇ," ಎಂದು ಕೋಟು ಹಾಕಿಕೊಂಡರು. "ಆ ಹಿಂದಿನ ಟೇಬಲ್ಲಲ್ಲಿ ಇನ್ನೊಂದು ಕುರ್ಚಿ ಇದ್ರೆ ಹೇಳಿ. ನನಗೂ ಸಾಕಾಗಿದೆ."

ಮನೆಗೆ ಬಂದಾಗ ಮಗಳು ಮೆಟ್ಟಿಲ ಮೇಲೇ ಕಾಯುತ್ತಿದ್ದಳು.

"ಯಾರಾದ್ರೂ ಸಿಕ್ಕಿದ್ರಾ ಡ್ಯಾಡ್?"

"ಒಬ್ಬರು ರೆಡಿ ಇದ್ದಾರೆ ಪುಟ್ಟಿ," ಎಂದೆ. "ಆದ್ರೆ ಅವರು ಪಾದ್ರಿ."