ಬೀಗದ ಕೋಣೆಯೊಂದನ್ನು ಬಿಟ್ಟು

ನಾವಿರುವ ಮನೆ ಮಾರಾಟಕ್ಕಿದೆ ಎಂಬ ಸಂಗತಿ ನಮಗೆ ತಿಳಿದದ್ದು ಹಾಲಿನ ಮಾದಮ್ಮನಿಂದ. ಹಾಸನದಲ್ಲಿ ಕೂತ ಮಾಲೀಕ ಪಂಚಾಕ್ಷರಯ್ಯನವರಿಗೆ ಒಂದು ಕಾರ್ಡು ಗೀಚಿ ಹಾಕಲೂ ಪುರುಸೊತ್ತಿಲ್ಲ. ಹನ್ನೊಂದು ವರ್ಷ ಅವರ ಗೋಡೆಗೆ ಸುಣ್ಣ ಬಳಿದು, ಅವರ ನೆಲ ಸಾರಿಸಿ ಕಾಪಾಡಿದ ನಾವು ಅವರ ಪಾಲಿಗೆ ಗೋಡೆಯ ಮೇಲಿನ ಹಲ್ಲಿಗಳು.

"ಅವ್ವಾರೇ, ಮನೆ ಮಾರ್ತಾವ್ರಂತಲ್ಲಾ, ಮುಂದಿನ್ ತಿಂಗ್ಳಿಂದ ಆಲು ಯಾವ್ ಬೀದಿಗ್ ತರ್ಲಿ?" ಎಂದಳು ಮಾದಮ್ಮ. ಅವಳಿಗೆ ಅವಳ ಹಾಲಿನ ಚಿಂತೆ.

ನನ್ನ ಚಿಂತೆ ಬಾವಿಯದು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಉಳಿದ ಬಾವಿಗಳ ನೀರಿಗೆ ಬೇಳೆ ಹಾಕಿದರೆ ಸಂಜೆಯವರೆಗೂ ಬೇಯುವುದಿಲ್ಲ. ನಮ್ಮ ಹಿತ್ತಲಿನ ಬಾವಿಯ ನೀರು ಅಮೃತ. ಈ ಬಾವಿ ಬಿಟ್ಟು ಹೋಗುವುದೆಂದರೆ ನನಗೆ ತವರು ಬಿಟ್ಟು ಬಂದ ದಿನವೇ ನೆನಪಾಯಿತು.

ನಮ್ಮವರು ಮನೆಗೆ ಬಂದ ಕೂಡಲೇ ಹೇಳಿದೆ. ಕೋಟು ಬಿಚ್ಚುತ್ತಾ ನಕ್ಕರು!

"ಮಾರಿಕೊಳ್ಳಲಿ ಬಿಡೇ ಗೋದು. ಮಾಲೀಕ ಬದಲಾಗಬಹುದು, ಬಾಡಿಗೆದಾರ ಕದಲೋದಿಲ್ಲ. ಅರವತ್ತೊಂದನೇ ಇಸವಿ ಆಕ್ಟು, ಇಪ್ಪತ್ತೊಂದನೇ ಸೆಕ್ಷನ್ನು! ಕೊಳ್ಳೋನು ಕಂಬ, ತೊಲೆ, ಹೆಂಚಿನ ಜೊತೆ ನಮ್ಮನ್ನೂ ಸೇರಿಸಿಯೇ ಕೊಳ್ಳಬೇಕು."

"ಸಾಮಾನು ಬೀದಿಗೆ ಎಸೆಯೋಕೆ ಬಂದರೆ ನಿಮ್ಮ ಸೆಕ್ಷನ್ನು ಬಂದು ಬಾಗಿಲಿಗೆ ಅಡ್ಡ ಮಲಗುತ್ತಾ?"

"ಮಲಗುತ್ತೆ ಕಣೇ. ಅದಕ್ಕೇ ಆಕ್ಟು ಮಾಡಿರೋದು."

"ತನ್ನ ವಾಸಕ್ಕೇ ಮನೆ ಬೇಕು ಅಂದರೆ?"

"ಕೋರ್ಟಿಗೆ ಬಂದು ರುಜುವಾತು ಮಾಡಲಿ. ಅದು ಮುಗಿಯೋ ಹೊತ್ತಿಗೆ ಅವನಿಗೇ ಮನೆ ಬೇಡವಾಗಿರುತ್ತೆ."

(ನಮ್ಮವರು ವಕೀಲರಲ್ಲ, ವಕೀಲರ ಗುಮಾಸ್ತರು. ವಕೀಲರಿಗೆ ಆಗಾಗ ಕಾನೂನಿನಲ್ಲಿ ಅನುಮಾನ ಬರುವುದುಂಟು. ಇವರಿಗೆ ಈವರೆಗೆ ಬಂದಿಲ್ಲ.)

ಮಾತಿನ ನಡುವೆ ಪೆಟ್ಟಿಗೆಯಿಂದ ಬಾಡಿಗೆ ಕರಾರು ತೆಗೆದು ಮಂತ್ರದಂತೆ ಓದಿದರು: "ಬೀಗದ ಕೋಣೆಯೊಂದನ್ನು ಬಿಟ್ಟು ಮಿಕ್ಕ ಮನೆ, ಹಿತ್ತಲು, ಬಾವಿ ಸಮೇತ." ಬೀಗದ ಕೋಣೆ ಎಂದರೆ ಹಜಾರದ ಪಕ್ಕದ್ದು. ಪಂಚಾಕ್ಷರಯ್ಯನವರು ಅದರಲ್ಲಿ ಮುರುಕು ಮಂಚ, ತೂತು ಕೊಳದಪ್ಪಲೆ ತುಂಬಿ ಬೀಗ ಜಡಿದು, ವರ್ಷಕ್ಕೆರಡು ಸಲ ಬಂದು ಆ ಸಾಮ್ರಾಜ್ಯವನ್ನು ಪರಾಮರಿಸಿ ಹೋಗುತ್ತಿದ್ದರು.

ನನಗೆ ಸೆಕ್ಷನ್ನಿನಲ್ಲಿ ನಂಬಿಕೆ ಇಲ್ಲ. ದೀಪಾವಳಿಗೆ ತಂದ ಏಣಿಯನ್ನು ಯುಗಾದಿಯಾದರೂ ಎದುರು ಮನೆಗೆ ಹಿಂತಿರುಗಿಸದ ಗಂಡಸು ನನ್ನ ಬಾವಿಯನ್ನು ಉಳಿಸಿಕೊಡುತ್ತಾರೆಯೇ? ಮನೆ ಮಾರಾಟವೇ ಆಗದಂತೆ ನಾನೇ ನೋಡಿಕೊಳ್ಳುತ್ತೇನೆ ಎಂದು ಸೆರಗು ಬಿಗಿದೆ.

ಮೊದಲು ದಳ್ಳಾಳಿ ಹುಚ್ಚಯ್ಯ ಕರೆತಂದದ್ದು ಅರಕಲಗೂಡಿನ ಜವಳಿ ವ್ಯಾಪಾರಿ ರಂಗಸ್ವಾಮಿಯನ್ನು. ಅವರು ಬರುವಷ್ಟರಲ್ಲಿ ಹಜಾರದಲ್ಲಿ ನಾಲ್ಕು ಕಡೆ ಪಾತ್ರೆ ಇಟ್ಟು ನೀರು ಸುರಿದಿದ್ದೆ.

"ಇದೇನಮ್ಮಾ?" ಎಂದ ರಂಗಸ್ವಾಮಿ.

"ಸೋರುತ್ತೆ."

"ಮಳೆ ಬಿದ್ದು ಐದು ತಿಂಗಳಾಯ್ತಲ್ಲಾ!"

"ಇದು ಆಷಾಢದ ಮಳೆಯದು. ಅಟ್ಟದಿಂದ ಇಳಿದು ಬರೋಕೆ ಇಷ್ಟು ದಿನ ಬೇಕು. ಕಾರ್ತೀಕದ್ದು ಇನ್ನೂ ಮೇಲೇ ಇದೆ."

ಹುಚ್ಚಯ್ಯ ಬಾಯಿ ಬಾಯಿ ಬಿಟ್ಟ. "ಅಂಗೇನಿಲ್ಲ ಸಾ! ಮನೆ ಗುಂಡ್ಕಲ್ ಇದ್ದಂಗದೆ ಸಾ!"

ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ನಮ್ಮ ಕುಲಕ್ಕೆ ಅವಮಾನ, ಆದ್ದರಿಂದ ಕೊಟ್ಟೆ. ಮೂರನೇ ಸಲ ನೀರು ಹುಯ್ದ ಗಸಿಯ ಡಿಕಾಕ್ಷನ್ನು. ಒಂದು ಗುಟುಕಿಗೆ ರಂಗಸ್ವಾಮಿಯ ಮುಖ ಹಿಂಡಿದ ನಿಂಬೆಹಣ್ಣಾಯಿತು. ಆತ ಹಿತ್ತಲನ್ನೂ ನೋಡದೆ ಬಸ್ಸಿಗೆ ಓಡಿದ. ಆಮೇಲೆ ಬಂದ ಮೂವರೂ ಅದೇ ಪಾತ್ರೆ, ಅದೇ ಗಸಿಗೆ ದಾರಿ ಹಿಡಿದರು. ನಮ್ಮವರ ಆಕ್ಟನ್ನು ಮಾಡಿದವರು ನನ್ನನ್ನು ಒಂದು ಮಾತು ಕೇಳಿದ್ದರೆ ಸರ್ಕಾರಕ್ಕೆ ಎಷ್ಟು ಕಾಗದ ಉಳಿಯುತ್ತಿತ್ತು!

ಹುಚ್ಚಯ್ಯ ಕರೆತಂದ ಐದನೆಯವರು ಚನ್ನರಾಯಪಟ್ಟಣದ ಶ್ರೀರಂಗಮ್ಮ. ಜೊತೆಗೆ ಅವರ ಯಜಮಾನರು, ರಿಟೈರಾದ ಪೋಸ್ಟ್‌ಮಾಸ್ಟರು. ಹೆಂಡತಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿಯೇ ಮುದ್ರೆ ಒತ್ತುವವರು. ಶ್ರೀರಂಗಮ್ಮ ಪಾತ್ರೆಗಳತ್ತ ಕಣ್ಣು ಹಾಯಿಸಿ, ಚಾಪೆಯ ಮೇಲೆ ಕೂತು, ನಾನು ಒಳಗೆ ಹೊರಟದ್ದನ್ನು ನೋಡಿ ಹೇಳಿದರು:

"ಕಾಫಿ ಬೇಡ ಬಿಡಿ ಗೋದಮ್ಮನವರೇ. ನಿಮ್ಮೂರಿನ ಕಾಫಿ ವಿಚಾರ ನಮ್ಮ ಚನ್ನರಾಯಪಟ್ಟಣದಲ್ಲಿ ಎಲ್ಲರಿಗೂ ಗೊತ್ತು. ಅಲ್ಲವೇನ್ರೀ?"

ಪೋಸ್ಟ್‌ಮಾಸ್ಟರು ಮುದ್ರೆ ಒತ್ತಿದರು.

ಓದುವವರೇ, ನೀವೇ ಹೇಳಿ. ಮನೆ ಹೋಗಲಿ, ಮಠ ಹೋಗಲಿ, ಈ ಮಾತನ್ನು ಯಾವ ಹೆಂಗಸು ನುಂಗಿಕೊಂಡಾಳು? ಒಲೆಯ ಪಕ್ಕ ಗಸಿ ಸಿದ್ಧವಾಗಿತ್ತು. ಅದನ್ನು ಹಾಗೇ ಬಚ್ಚಲಿಗೆ ಚೆಲ್ಲಿದೆ. ಸಕಲೇಶಪುರದಿಂದ ಅಣ್ಣ ಕಳಿಸಿದ್ದ ಬೀಜವನ್ನು ಹುರಿದೆ, ಪುಡಿ ಮಾಡಿದೆ, ಬಾವಿಯಿಂದ ಹೊಸ ನೀರು ಸೇದಿ ಕುದಿಸಿ ಫಿಲ್ಟರಿಗೆ ಹುಯ್ದೆ. ಮಾದಮ್ಮನ ಗಟ್ಟಿ ಹಾಲು ಬೆರೆಸಿ ನೊರೆಯೆಬ್ಬಿಸಿ ತಂದಿಟ್ಟೆ. ಅಷ್ಟು ಹೊತ್ತೂ ಆಕೆ ಹುರಿದ ಬೀಜದ ವಾಸನೆಗೆ ಮೂಗು ಅರಳಿಸುತ್ತಾ ಕೂತಿದ್ದರು.

ಶ್ರೀರಂಗಮ್ಮ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. ಲೋಟ ಖಾಲಿ. ಮತ್ತೊಂದು ಲೋಟ ಕೇಳಿದರು.

"ನೀರು ಯಾವುದು ಗೋದಮ್ಮನವರೇ?"

"ನಮ್ಮ ಬಾವೀದೇ! ಈ ಬೀದಿಯಲ್ಲೇ ಇಂಥಾ ನೀರಿಲ್ಲ," ಎಂದೆ. ನನ್ನ ನಾಲಗೆಗೆ ಅಂದು ಲಂಗುಲಗಾಮು ಇರಲಿಲ್ಲ.

"ಮತ್ತೆ ಈ ಪಾತ್ರೆಗಳು?"

"ಅವು ಸುಮ್ಮನೆ ಇಟ್ಟದ್ದು. ಹನ್ನೊಂದು ವರ್ಷದಲ್ಲಿ ಒಂದು ಹನಿ ಸೋರಿಲ್ಲ," ಎಂದುಬಿಟ್ಟೆ.

ಹುಚ್ಚಯ್ಯ ಎದ್ದು ನನ್ನ ಕಾಲಿಗೇ ಬಿದ್ದ. "ನಿಮ್ ಒಟ್ಟೆ ತಣ್ಣಗಿರ್ಲಿ ಕಣವ್ವಾ!"

ಹದಿನೈದು ದಿನಕ್ಕೆ ಕ್ರಯಪತ್ರ ರಿಜಿಸ್ಟರಾಯಿತು. ನಾನು ಅನ್ನ ಬಿಟ್ಟು ಬಾವಿಕಟ್ಟೆ ಹಿಡಿದು ಅತ್ತೆ. ನಮ್ಮವರು ಮಾತ್ರ ಮದುವೆ ಗಂಡಿನಂತೆ ಕೋಟು ಹಾಕಿಕೊಂಡು, ಕರಾರು ಹಿಡಿದು ಬಾಗಿಲಲ್ಲಿ ನಿಂತರು. ಜಟಕಾ ಬಂತು. ಶ್ರೀರಂಗಮ್ಮ ಇಳಿದರು, ಪೋಸ್ಟ್‌ಮಾಸ್ಟರು ಇಳಿದರು, ಎರಡು ಟ್ರಂಕು ಇಳಿದವು.

"ನೋಡಿ ತಾಯಿ, ಇಪ್ಪತ್ತೊಂದನೇ ಸೆಕ್ಷನ್ನಿನ ಪ್ರಕಾರ..."

"ನಿಮ್ಮನ್ನ ಮನೆ ಬಿಡಿ ಅಂದವರು ಯಾರಪ್ಪಾ?" ಎಂದರು ಶ್ರೀರಂಗಮ್ಮ. "ನೀವಿದ್ದೀರಿ ಅಂತಲೇ ಮನೆ ಕೊಂಡದ್ದು. ನಾವಿಬ್ಬರೇ, ನಮಗೆ ಆ ಬೀಗದ ಕೋಣೆ ಸಾಕು. ಒಲೆ ಹೂಡೋಕೆ ಅದರಲ್ಲಿ ಜಾಗ ಇಲ್ಲ. ಈ ವಯಸ್ಸಿನಲ್ಲಿ ಬೇರೆ ಒಲೆ ಯಾಕೆ? ಗೋದಮ್ಮ ಇದ್ದಾಳಲ್ಲ!"

ನಾನು ನಮ್ಮವರ ಮುಖ ನೋಡಿದೆ. ಅವರು ಕರಾರು ನೋಡಿದರು. "ಬೀಗದ ಕೋಣೆಯೊಂದನ್ನು ಬಿಟ್ಟು ಅಂತ ಇದೆ ಕಣೇ," ಎಂದರು ಮೆಲ್ಲಗೆ. "ಅದು ಅವರದ್ದೇ."

ಅಂದಿನಿಂದ ಬೆಳಿಗ್ಗೆ ಎರಡು, ಹತ್ತಕ್ಕೆ ಎರಡು, ಸಂಜೆ ಎರಡು ಲೋಟ. ಪೋಸ್ಟ್‌ಮಾಸ್ಟರ ಹಳೆಯ ಸ್ನೇಹಿತರು ಬಂದರೆ ಆರು. "ನೆನ್ನೇದು ಒಂದು ಎಳೆ ತೆಳುವಾಗಿತ್ತು" ಎಂಬ ವಿಮರ್ಶೆ ಬೇರೆ! ಬಾವಿ ನನ್ನ ಕೈ ತಪ್ಪಲಿಲ್ಲ, ನಿಜ. ಹಗ್ಗವೂ ನನ್ನ ಕೈ ಬಿಟ್ಟಿಲ್ಲ. ಸೇದಿ ಸೇದಿ ಅಂಗೈ ಬೊಬ್ಬೆ.

ಮೂರು ತಿಂಗಳು ತಡೆದೆ. ಕೊನೆಗೆ ನಾನೇ ಬೀಗದ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಸ್ವಂತ ವಾಸಕ್ಕೆ ಮನೆ ಬೇಕು ಅಂದರೆ ನಮ್ಮನ್ನ ಬಿಡಿಸಬಹುದಂತೆ. ಕಾನೂನಿನಲ್ಲೇ ಇದೆಯಂತೆ," ಎಂದೆ.

"ಶಾಂತಂ ಪಾಪಂ! ಇಂಥಾ ಕೈಯನ್ನ ಮನೆ ಬಿಡಿಸೋದುಂಟೇ?" ಎಂದು ಆಕೆ ನನ್ನ ಗಲ್ಲ ಸವರಿದರು.

ಸಂಜೆ ನಮ್ಮವರ ಮುಂದೆ ಕಣ್ಣೀರು ಹಾಕಿದೆ. "ರೀ, ದಮ್ಮಯ್ಯ ಅಂತೀನಿ, ಬೇರೆ ಮನೆ ನೋಡಿ. ಬೇಳೆ ಬೇಯದಿದ್ದರೂ ಚಿಂತೆಯಿಲ್ಲ."

"ಹುಚ್ಚೀ!" ಎಂದರು ನಮ್ಮವರು, ಎದೆಯುಬ್ಬಿಸಿ. "ಕಾನೂನು ನಮ್ಮ ಕಡೆ ಇರುವಾಗ ನಮ್ಮನ್ನ ಇಲ್ಲಿಂದ ಕದಲಿಸೋಕೆ ಯಾರಿಗೆ ಸಾಧ್ಯ ಹೇಳು? ಹೋಗು, ಶ್ರೀರಂಗಮ್ಮನವರು ಲೋಟ ಕುಟ್ಟುತ್ತಿದ್ದಾರೆ. ಹಾಗೇ ನನಗೂ ಒಂದು ತಾ."